ಸ್ಲರಿ ಪಂಪ್‌ನ ಸವೆತ: ಸವೆದ ಭಾಗವನ್ನು ನೋಡಿ ಕಾರಣ ಹುಡುಕುವ ಕ್ರಮ

ಮರಳು, ಕಲ್ಲಿನ ಪುಡಿ ಬೆರೆತ ನೀರನ್ನು (ಸ್ಲರಿ) ಎತ್ತುವ ಸ್ಲರಿ ಪಂಪ್‌ನ ಇಂಪೆಲ್ಲರ್, ಅಂದರೆ ಒಳಗೆ ತಿರುಗುವ ರೆಕ್ಕೆಗಳ ಚಕ್ರ, ನಿರೀಕ್ಷಿಸಿದ ಅವಧಿಯ ಅರ್ಧಕ್ಕೇ ಸವೆದುಹೋದರೆ ನಮ್ಮ ಕಡೆ ಸಾಮಾನ್ಯವಾಗಿ ಮೊದಲು ಅಂಥದೇ ಇನ್ನೊಂದನ್ನು ತರಿಸಿ ಹಾಕುತ್ತಾರೆ, ಅದೂ ಸವೆದರೆ ಇನ್ನಷ್ಟು ಗಡಸು ಲೋಹದ್ದನ್ನು ತರಿಸುತ್ತಾರೆ. ಹಳೆಯ ಇಂಪೆಲ್ಲರ್ ಅಷ್ಟರಲ್ಲಿ ಗುಜರಿ ಸೇರಿರುತ್ತದೆ. ಸವೆತದ ಕಾರಣವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ಹೇಳಬಲ್ಲ ವಸ್ತು ಆ ಹಳೆಯ ಇಂಪೆಲ್ಲರೇ ಆದ್ದರಿಂದ, ಅದನ್ನು ತೊಳೆದು ಹಗಲು ಬೆಳಕಿನಲ್ಲಿಟ್ಟು ನೋಡುವ ಮೊದಲು ಹೊಸದಕ್ಕೆ ಆರ್ಡರ್ ಕೊಡಬಾರದೆಂಬುದು ಇಷ್ಟು ವರ್ಷ ಪಂಪ್ ಬಿಚ್ಚಿ ಜೋಡಿಸಿದ ಮೇಲೆ ನನಗೆ ದೃಢವಾಗಿರುವ ಮಾತು. ಲೋಹದ ಆಯ್ಕೆ ತಪ್ಪಿದ್ದರಿಂದ ಸವೆದ ಪಂಪ್‌ಗಳಿಗಿಂತ, ವೇಗ ಹೆಚ್ಚಾಗಿ, ಸಕ್ಷನ್ (ಸ್ಲರಿಯನ್ನು ಒಳಗೆಳೆಯುವ ಬದಿ) ಕೆಟ್ಟು, ಇಲ್ಲವೆ ತಪ್ಪು ಹರಿವಿನಲ್ಲಿ ಓಡಿ ಸವೆದ ಪಂಪ್‌ಗಳನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಕೊಡಗಿನಲ್ಲಿ ಇಂಥ ಪಂಪ್‌ಗಳು ಕೆಲಸ ಮಾಡುವ ಜಾಗಗಳು ಮುಖ್ಯವಾಗಿ ಮೂರು: ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡುವ ಮರಳು) ತೊಳೆಯುವ ಘಟಕಗಳು, ಕಾಫಿ ತೋಟಗಳಲ್ಲಿ ಹಣ್ಣು ಸುಲಿಯುವ ಪಲ್ಪರ್ ಮನೆಗಳು, ಮಳೆಗಾಲದ ನಂತರ ಕೆರೆ ಮತ್ತು ತೊಟ್ಟಿಗಳಿಂದ ಹೂಳೆತ್ತುವ ಸ್ಥಳಗಳು. ಈ ಬರಹದ ಬಹುಪಾಲು ಮೊದಲನೆಯದಕ್ಕೆ ಸಂಬಂಧಿಸಿದ್ದು, ಏಕೆಂದರೆ ಸವೆತ ಅತ್ಯಂತ ಕಠಿಣವಾಗಿರುವುದು ಅಲ್ಲಿ. ಇಲ್ಲಿನ ನೈಸ್ ಮತ್ತು ಚಾರ್ನೊಕೈಟ್ ಬಂಡೆಗಳಲ್ಲಿ ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್ ಎರಡೂ ಇವೆ. ಮೋಸ್ ಗಡಸುತನದ ಅಳತೆಯಲ್ಲಿ ಕ್ವಾರ್ಟ್ಜ್ 7, ಫೆಲ್ಡ್‌ಸ್ಪಾರ್ 6. ಹೊಳೆಯ ಮರಳು ಉರುಳಿ ಉರುಳಿ ಅಂಚು ಮೊಂಡಾಗಿರುತ್ತದೆ. ಕ್ರಷರ್‌ನಿಂದ ಆಗಷ್ಟೇ ಒಡೆದು ಬಂದ ಪುಡಿಯ ಪ್ರತಿ ಕಣವೂ ಮೂಲೆ ಚೂಪಾಗಿರುವ ಚೂರು. ಆದ್ದರಿಂದ ಹೊಳೆ ಮರಳಿನ ಅನುಭವದಿಂದ ಎಂ-ಸ್ಯಾಂಡ್ ಪಂಪ್‌ನ ಆಯುಷ್ಯವನ್ನು ಅಂದಾಜು ಮಾಡಬಾರದು.

ಬಿಚ್ಚುವ ಮೊದಲು ಅಳೆಯಬೇಕಾದವು

ಪಂಪ್ ಓಡುತ್ತಿರುವಾಗಲೇ ನಾಲ್ಕು ಅಂಕಿಗಳನ್ನು ಬರೆದುಕೊಳ್ಳಬೇಕು: ಸ್ಲರಿಯ ಸಾಂದ್ರತೆ, ಹರಿವು, ಡೆಲಿವರಿ (ಸ್ಲರಿ ಹೊರಹೋಗುವ ಬದಿ) ಒತ್ತಡ, ಮೋಟರ್‌ನ ಕರೆಂಟ್. ಇವಿಲ್ಲದೆ ಮಾಡುವ ರೋಗನಿರ್ಣಯ ಊಹೆಯಷ್ಟೇ ಆಗಿಬಿಡುತ್ತದೆ.

ಸಾಂದ್ರತೆಗೆ ದುಬಾರಿ ಮೀಟರ್ ಬೇಕಿಲ್ಲ. ಸರಿಯಾಗಿ ಒಂದು ಲೀಟರ್ ಹಿಡಿಯುವ ಪಾತ್ರೆಯಲ್ಲಿ ಡೆಲಿವರಿ ಬಾಯಿಂದ ಸ್ಲರಿ ಹಿಡಿದು, ಪಾತ್ರೆಯ ತೂಕ ಕಳೆದು ತೂಗಿದರೆ ಸಾಕು. ಲೀಟರ್ 1.2 ಕಿಲೋ ತೂಗಿದರೆ, ಕಲ್ಲಿನ ಸಾಂದ್ರತೆಯನ್ನು 2.65 ಎಂದಿಟ್ಟುಕೊಂಡಾಗ, ತೂಕದ ಲೆಕ್ಕದಲ್ಲಿ ಸುಮಾರು ಶೇ. 27ರಷ್ಟು ಘನವಸ್ತುವಿದೆ ಎಂದರ್ಥ, 1.3 ಕಿಲೋ ತೂಗಿದರೆ ಸುಮಾರು ಶೇ. 37. ದಿನದ ಬೇರೆ ಬೇರೆ ಹೊತ್ತಿನಲ್ಲಿ ನಾಲ್ಕೈದು ಬಾರಿ ಹಿಡಿದು ತೂಗಬೇಕು. ಬೆಳಗಿನ ತೂಕಕ್ಕೂ ಮಧ್ಯಾಹ್ನದ ತೂಕಕ್ಕೂ ದೊಡ್ಡ ಅಂತರ ಕಂಡರೆ ಪಂಪ್‌ಗಿಂತ ಮುಂಚೆ ಫೀಡ್ ಹಾಕುವ ರೀತಿಯನ್ನು ಪರಿಶೀಲಿಸಬೇಕು. ಹಿಡಿದ ಸ್ಲರಿಯನ್ನು 4.75 ಮಿ.ಮೀ. ಜರಡಿಯಲ್ಲೂ ಸುರಿದು ನೋಡಬೇಕು: ಜರಡಿಯ ಮೇಲೆ ಜಲ್ಲಿಯ ಚೂರುಗಳು ನಿಂತರೆ ಮೇಲಿನ ಸ್ಕ್ರೀನ್‌ನ ಜಾಲರಿ ಎಲ್ಲೋ ಹರಿದಿದೆ, ಪಂಪ್ ತನಗೆ ಸಲ್ಲದ ಕಲ್ಲನ್ನು ನುಂಗುತ್ತಿದೆ. ಈ ಒಂದು ಪರೀಕ್ಷೆಯಲ್ಲೇ ಮುಗಿದುಹೋದ ದೂರುಗಳೂ ಇವೆ.

ಹರಿವಿಗೆ ಸಂಪನ್ನೇ ಅಳತೆಪಾತ್ರೆಯಾಗಿ ಬಳಸಬಹುದು. ಸಂಪಿಗೆ ಬರುವ ನೀರನ್ನು ಒಂದು ನಿಮಿಷ ನಿಲ್ಲಿಸಿ, ಮಟ್ಟ ಎಷ್ಟು ಸೆಕೆಂಡಿನಲ್ಲಿ ಎಷ್ಟು ಇಳಿಯಿತೆಂದು ನೋಡಬೇಕು. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಸಂಪಿನಲ್ಲಿ 45 ಸೆಕೆಂಡಿಗೆ 30 ಸೆಂ.ಮೀ. ಇಳಿದರೆ ಹರಿವು ಸೆಕೆಂಡಿಗೆ 20 ಲೀಟರ್, ಅಂದರೆ ಗಂಟೆಗೆ 72 ಘನ ಮೀಟರ್. ಒಳವ್ಯಾಸ 100 ಮಿ.ಮೀ. ಇರುವ ಕೊಳವೆಯಲ್ಲಿ ಇದು ಸೆಕೆಂಡಿಗೆ ಸುಮಾರು ಎರಡೂವರೆ ಮೀಟರ್ ವೇಗವಾಗುತ್ತದೆ, ಮರಳು ತಳಕ್ಕೆ ಕೂರದೆ ಸಾಗಲು ಸಾಮಾನ್ಯವಾಗಿ ಇಷ್ಟು ಬೇಕು. ಅದೇ ಕೊಳವೆಯಲ್ಲಿ ಗಂಟೆಗೆ 40 ಘನ ಮೀಟರ್ ಮಾತ್ರ ಹೋಗುತ್ತಿದ್ದರೆ ವೇಗ ಒಂದೂವರೆ ಮೀಟರನ್ನೂ ಮುಟ್ಟುವುದಿಲ್ಲ, ಮರಳು ತಳದಲ್ಲಿ ಹಾಸಿಕೊಳ್ಳುತ್ತದೆ.

ಟಾಂಗ್ ಟೆಸ್ಟರ್ ಹಿಡಿದು ಕರೆಂಟ್ ನೋಡುವಾಗ ಒಂದು ಮಾತು ನೆನಪಿರಲಿ: ಅದೇ ಹರಿವಿಗೆ ಬೇಕಾಗುವ ಶಕ್ತಿ ಸ್ಲರಿಯ ಸಾಂದ್ರತೆಯ ಅನುಪಾತದಲ್ಲೇ ಏರುತ್ತದೆ. ತಿಳಿನೀರಿಗಿಂತ ಶೇ. 20ರಷ್ಟು ಭಾರವಾದ ಸ್ಲರಿಗೆ ಶಕ್ತಿಯೂ ಅಷ್ಟೇ ಹೆಚ್ಚು ಬೇಕು. ಹಾಗಾಗಿ ಕರೆಂಟ್ ಏರಿದ್ದನ್ನೆಲ್ಲ ಬೇರಿಂಗ್ ದೋಷವೆಂದು ತಿಳಿಯಬಾರದು. ಸಾಂದ್ರತೆ ಹಾಗೇ ಇದ್ದು ಕರೆಂಟ್ ಮಾತ್ರ ದಿನೇ ದಿನೇ ಇಳಿಯುತ್ತಿದ್ದರೆ ಇಂಪೆಲ್ಲರ್ ಸವೆದು ಹರಿವು ಕುಗ್ಗುತ್ತಿದೆಯೆಂದು ಶಂಕಿಸಬೇಕು.

ಬಿಚ್ಚುವ ಹಂತಕ್ಕೆ ಬಂದಾಗ ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ತೆಗೆದು, ಬೋರ್ಡಿಗೆ ಬೀಗ ಹಾಕಿ ಕೀಲಿಯನ್ನು ಬಿಚ್ಚುವವರೇ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಎತ್ತರದ ಡೆಲಿವರಿ ಕೊಳವೆಯಲ್ಲಿ ನಿಂತ ನೀರು ಹಿಂದಕ್ಕೆ ಹರಿದರೂ ಇಂಪೆಲ್ಲರ್ ತಿರುಗುತ್ತದೆ, ಆದ್ದರಿಂದ ಆ ನೀರನ್ನು ಮೊದಲು ಖಾಲಿ ಮಾಡಬೇಕು. ಸಕ್ಷನ್ ಮತ್ತು ಡೆಲಿವರಿ ಎರಡೂ ಮರಳಿನಿಂದ ಕಟ್ಟಿಕೊಂಡ ಪಂಪನ್ನು ಓಡಿಸುತ್ತಲೇ ಇದ್ದರೆ ಒಳಗಿನ ನೀರು ಕುದ್ದು ಆವಿಯಾಗಿ ಕೇಸಿಂಗ್ (ಪಂಪ್‌ನ ಹೊರಕವಚ) ಸಿಡಿಯುವ ಅಪಾಯವಿದೆ. ಕಟ್ಟಿಕೊಂಡದ್ದನ್ನು ಬಿಡಿಸಲೆಂದು ಪಂಪನ್ನು ಆನ್ ಮಾಡಿಟ್ಟು ಕಾಯುವ ಅಭ್ಯಾಸವನ್ನು ಈ ಕಾರಣಕ್ಕೆ ಸಂಪೂರ್ಣವಾಗಿ ಬಿಡಬೇಕು.

ಸವೆದ ಜಾಗ ಮತ್ತು ಸವೆದ ಬಗೆ

ಮೊದಲು ನೋಡಬೇಕಾದದ್ದು ಸವೆದ ಮೇಲ್ಮೈ ಹೇಗಿದೆ ಎಂಬುದನ್ನು. ಮರಳಿನ ಉಜ್ಜುವಿಕೆಯಿಂದಾದ ಸವೆತ ನುಣುಪಾಗಿರುತ್ತದೆ; ಹೊಳೆಯ ದಡದ ಮರಳಿನಲ್ಲಿ ನೀರು ಮೂಡಿಸುವ ಅಲೆಗಳಂತೆ, ಹರಿವಿನ ದಿಕ್ಕನ್ನು ತೋರಿಸುವ ಗೆರೆಗಳೂ ತಗ್ಗುಗಳೂ ಇರುತ್ತವೆ, ಬೆರಳಾಡಿಸಿದರೆ ಚುಚ್ಚುವುದಿಲ್ಲ. ಆವಿಗುಳ್ಳೆಗಳು ಒಡೆಯುವುದರಿಂದ ಆಗುವ ಹಾನಿ, ಅಂದರೆ ಕ್ಯಾವಿಟೇಷನ್, ಇದಕ್ಕೆ ತೀರ ವಿರುದ್ಧ: ಜೇನುಹುಟ್ಟಿನಂತೆ ಸಣ್ಣ ಸಣ್ಣ ಗುಳಿಗಳು, ಒರಟು ಮೈ, ಸ್ಪಂಜಿನಂಥ ರಚನೆ. ಆಮ್ಲದಿಂದ ಆದದ್ದಾದರೆ ಬಣ್ಣ ಬದಲಾಗಿ, ಹರಿವು ತಾಗದ ಮೂಲೆಗಳಲ್ಲೂ ಲೋಹ ತಿಂದುಹೋಗಿರುತ್ತದೆ. ಮೂರೂ ಒಂದೇ ಇಂಪೆಲ್ಲರ್‌ನಲ್ಲಿ ಕಾಣಿಸಿಕೊಳ್ಳುವುದು ಅಪರೂಪವಲ್ಲ, ಆಗ ಯಾವುದು ಮೊದಲು ಶುರುವಾಯಿತೆಂದು ಹುಡುಕಬೇಕು: ಕ್ಯಾವಿಟೇಷನ್ ಮಾಡಿದ ಗುಳಿಯ ಅಂಚಿಗೆ ಮರಳು ಬಡಿದು ಅದನ್ನು ಅಗಲ ಮಾಡುತ್ತದೆ, ಹೀಗಾಗಿ ಕೊನೆಗೆ ಉಳಿಯುವುದು ಮರಳಿನ ಗುರುತೇ ಆದರೂ ಮೂಲ ಅದಲ್ಲ.

ಮುಂದಿನದು ಜಾಗ. ಇಂಪೆಲ್ಲರ್‌ನ ರೆಕ್ಕೆಗಳ ಹೊರತುದಿ ಎಲ್ಲ ಕಡೆಯೂ ಸಮನಾಗಿ ತೆಳುವಾಗಿದ್ದರೆ ಅದು ಸಹಜ ಸವೆತ. ಅವಧಿಯಷ್ಟೇ ಕಡಿಮೆಯೆನಿಸಿದರೆ ತಿರುಗುವ ವೇಗವನ್ನು ಪ್ರಶ್ನಿಸಬೇಕು. ನೀರು ಒಳಬರುವ ಕಣ್ಣಿನ ಬಳಿ, ರೆಕ್ಕೆಗಳ ಒಳತುದಿಯಲ್ಲಿ ಒರಟು ಗುಳಿಗಳಿದ್ದರೆ ಅವು ರೆಕ್ಕೆಯ ಯಾವ ಮುಖದಲ್ಲಿವೆಯೆಂದು ಗಮನಿಸಬೇಕು. ಕಣ್ಣಿನೊಳಗೆ ನೇರವಾಗಿ ನೋಡಿದಾಗ ಕಾಣುವ ಮುಖದಲ್ಲಿದ್ದರೆ ಸಕ್ಷನ್ ಬದಿಯಲ್ಲಿ ಒತ್ತಡ ಸಾಲುತ್ತಿಲ್ಲ. ಅದರ ಮರೆಯ ಮುಖದಲ್ಲಿದ್ದು ಚಿಕ್ಕ ಕನ್ನಡಿ ಹಿಡಿದರೆ ಮಾತ್ರ ಕಾಣುವುದಾದರೆ, ಪಂಪ್ ತೀರ ಕಡಿಮೆ ಹರಿವಿನಲ್ಲಿ ಓಡಿ ಒಳಬಂದ ಸ್ಲರಿಯೇ ಕಣ್ಣಿನಿಂದ ಹಿಂದಕ್ಕೆ ಸುಳಿಯುತ್ತಿದೆ. ಈ ವ್ಯತ್ಯಾಸ ಸಣ್ಣದೆನಿಸಿದರೂ ಪರಿಹಾರಗಳು ಎದುರುಬದುರು ದಿಕ್ಕಿನವು: ಮೊದಲನೆಯದರಲ್ಲಿ ಸಕ್ಷನ್ ಸುಧಾರಿಸಬೇಕು, ಎರಡನೆಯದರಲ್ಲಿ ಹರಿವನ್ನು ಹೆಚ್ಚಿಸಬೇಕು ಇಲ್ಲವೆ ಚಿಕ್ಕ ಪಂಪ್ ಹಾಕಬೇಕು. ಒಂದು ಕನ್ನಡಿಯ ಖರ್ಚಿನಲ್ಲಿ ಇದು ತಿಳಿಯುತ್ತದೆ.

ಕೇಸಿಂಗ್‌ನಲ್ಲಿ ಡೆಲಿವರಿ ಕವಲೊಡೆಯುವ ನಾಲಗೆಯಂಥ ಭಾಗವೂ ಇಷ್ಟೇ ಮಾಹಿತಿ ಕೊಡುತ್ತದೆ. ಇಂಪೆಲ್ಲರ್ ಎದುರಿನ ಬದಿಯಲ್ಲಿ, ನಾಲಗೆಯನ್ನು ದಾಟಿದ ಕೂಡಲೇ ಆಳವಾದ ಗುಂಡಿ ಬಿದ್ದಿದ್ದರೆ ಹರಿವು ಕಡಿಮೆ. ಸ್ಲರಿ ಹೊರಗೆ ಹೋಗುವ ಬದಲು ನಾಲಗೆಯನ್ನು ಸುತ್ತಿ ಮತ್ತೆ ಒಳಗೇ ತಿರುಗುತ್ತಿದೆ. ಗುಂಡಿ ಡೆಲಿವರಿ ಬಾಯಿಯ ಬದಿಗಿದ್ದರೆ ಪಂಪ್ ತನ್ನ ಸಾಮರ್ಥ್ಯಕ್ಕಿಂತ ಹೆಚ್ಚು ಹರಿವಿನಲ್ಲಿ ಓಡುತ್ತಿದೆ. ತಯಾರಕರು ಕೊಡುವ ನಕ್ಷೆಯಲ್ಲಿ ಅತ್ಯುತ್ತಮ ದಕ್ಷತೆಯ ಹರಿವು ಎಷ್ಟಿದೆಯೋ ಅದರ ಶೇ. 70ರಿಂದ 110ರ ನಡುವೆ ಓಡುವ ಪಂಪ್‌ನಲ್ಲಿ ಈ ಎರಡೂ ಗುಂಡಿಗಳು ಸಾಮಾನ್ಯವಾಗಿ ಬೀಳುವುದಿಲ್ಲ.

ಸಕ್ಷನ್ ಬದಿಯ ಲೈನರ್ (ಬದಲಿಸಬಹುದಾದ ಒಳಹೊದಿಕೆ), ಅಂದರೆ ಥ್ರೋಟ್ ಬುಷ್, ಬಳೆಯಾಕಾರದಲ್ಲಿ ಕೊರೆದುಹೋಗಿದ್ದರೆ ಇಂಪೆಲ್ಲರ್‌ಗೂ ಅದಕ್ಕೂ ನಡುವಿನ ಸಂದು ಹಿಗ್ಗಿದೆ. ಸಂದು ಹಿಗ್ಗಿದಷ್ಟೂ ಹೆಚ್ಚು ಸ್ಲರಿ ಒತ್ತಡದ ಕಡೆಯಿಂದ ಸಕ್ಷನ್ ಕಡೆಗೆ ನುಸುಳುತ್ತದೆ, ನುಸುಳಿದಷ್ಟೂ ಸಂದು ಹಿಗ್ಗುತ್ತದೆ. ಬೇರಿಂಗ್ ಜೋಡಣೆಯನ್ನು ಮುಂದಕ್ಕೆ ಸರಿಸುವ ಬೋಲ್ಟ್ ಇರುವುದೇ ಇದಕ್ಕಾಗಿ. ಕೈಯಿಂದ ಶಾಫ್ಟ್ ತಿರುಗಿಸುತ್ತ, ಇಂಪೆಲ್ಲರ್ ಲೈನರ್‌ಗೆ ತಾಗುವವರೆಗೆ ಮುಂದಕ್ಕೆ ತಂದು, ತಯಾರಕರು ಹೇಳಿದಷ್ಟು ಹಿಂದೆ ಸರಿಸಿ ಬಿಗಿಯಬೇಕು. ನಾನು ನೋಡಿದ ಹಲವು ಘಟಕಗಳಲ್ಲಿ ಪಂಪ್ ಅಳವಡಿಸಿದ ದಿನದಿಂದ ಈ ಬೋಲ್ಟಿಗೆ ಯಾರೂ ಪಾನಾ ಹಾಕಿರಲಿಲ್ಲ, ಬಣ್ಣವೂ ಹಾಗೇ ಇತ್ತು. ಲೈನರ್‌ನ ಆಯುಷ್ಯ ಹೆಚ್ಚಿಸಲು ಒಂದು ರೂಪಾಯಿಯ ಖರ್ಚಿಲ್ಲದೆ ಮಾಡಬಹುದಾದ ಕೆಲಸವಿದು, ಆದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ವೇಗ, ಮತ್ತು ಅರ್ಧ ಮುಚ್ಚಿದ ವಾಲ್ವ್

ಕಣಗಳ ಬಡಿತದಿಂದಾಗುವ ಸವೆತ ವೇಗದ ಎರಡೂವರೆಯಿಂದ ಮೂರನೇ ಘಾತದಷ್ಟು ಏರುತ್ತದೆ. ವೇಗವನ್ನು ಶೇ. 10ರಷ್ಟು ಇಳಿಸಿದರೆ ಸವೆತ ಶೇ. 25ರ ಸುಮಾರಿಗೆ ತಗ್ಗುತ್ತದೆ. ಲೋಹ ಬದಲಿಸಿ ಇಷ್ಟು ಲಾಭ ಪಡೆಯುವುದು ಕಷ್ಟ.

ಕುಶಾಲನಗರದ ಕಡೆಯ ಒಂದು ಘಟಕದಲ್ಲಿ ನನ್ನನ್ನು ಕರೆಸಿದಾಗ ಎರಡನೇ ಹೈಕ್ರೋಮ್ (ಹೆಚ್ಚು ಕ್ರೋಮಿಯಂ ಇರುವ ಗಡಸು ಎರಕದ ಕಬ್ಬಿಣದ) ಇಂಪೆಲ್ಲರ್ ಕೂಡ ಮೊದಲನೆಯದರಷ್ಟೇ ಬೇಗ ಹೋಗಿತ್ತು. ಪಂಪ್‌ನ ಇಂಪೆಲ್ಲರ್ ವ್ಯಾಸ 350 ಮಿ.ಮೀ., ಮೋಟರ್ ನಿಮಿಷಕ್ಕೆ 1,450 ಸುತ್ತಿನದು, ಎರಡೂ ಪುಲ್ಲಿ ಒಂದೇ ಅಳತೆಯವು. ಹಾಗಾದರೆ ರೆಕ್ಕೆಯ ತುದಿಯ ವೇಗ ಸೆಕೆಂಡಿಗೆ ಸುಮಾರು 26.6 ಮೀಟರ್. ಆ ವೇಗದಲ್ಲಿ ಪಂಪ್ ಸುಮಾರು 36 ಮೀಟರ್ ಹೆಡ್, ಅಂದರೆ ಅಷ್ಟು ಎತ್ತರಕ್ಕೆ ನೂಕುವ ಒತ್ತಡ, ಕೊಡುತ್ತಿತ್ತು. ಆದರೆ ಸ್ಲರಿಯನ್ನು ಸುತ್ತಿಸಿ ಮರಳು ಬೇರ್ಪಡಿಸುವ ಸೈಕ್ಲೋನ್ ಇದ್ದ ಎತ್ತರ ಒಂಬತ್ತು ಮೀಟರ್. ಅದರ ಬಾಯಲ್ಲಿ ಬೇಕಿದ್ದ ಒಂದು ಬಾರ್ ಒತ್ತಡಕ್ಕೆ 1.2 ಸಾಂದ್ರತೆಯ ಸ್ಲರಿಯ ಎಂಟೂವರೆ ಮೀಟರ್. ಕೊಳವೆಯ ಘರ್ಷಣೆಗೆ ನಾಲ್ಕು ಮೀಟರ್ ಸೇರಿಸಿದರೂ 22 ಮೀಟರ್ ಮುಟ್ಟುತ್ತಿರಲಿಲ್ಲ. ಉಳಿದ 14 ಮೀಟರನ್ನು ಡೆಲಿವರಿಯ ಗೇಟ್ ವಾಲ್ವ್ ಮೂರನೇ ಎರಡು ಭಾಗ ಮುಚ್ಚಿಕೊಂಡು ತಿನ್ನುತ್ತಿತ್ತು. ವಾಲ್ವ್‌ನ ಒಳಗನ್ನು ಬಿಚ್ಚಿ ನೋಡಿದಾಗ ಅದರ ತಟ್ಟೆ ಗರಗಸದ ಹಲ್ಲಿನಂತಾಗಿತ್ತು. ಇಂಪೆಲ್ಲರ್‌ನ ಕಣ್ಣಿನಲ್ಲಿ ಕನ್ನಡಿ ಹಿಡಿದಾಗ ಮರೆಯ ಮುಖದ ಗುಳಿಗಳೂ ಕಂಡವು.

ಹೆಡ್ ವೇಗದ ವರ್ಗದಂತೆ ಬದಲಾಗುವುದರಿಂದ 36ರ ಜಾಗದಲ್ಲಿ 22 ಸಾಕೆಂದರೆ ವೇಗ 1,450ರ ಬದಲು ಸುಮಾರು 1,135 ಸುತ್ತು ಸಾಕು. ಇದು ಮೊದಲ ಅಂದಾಜು ಮಾತ್ರ. ಕಡಿಮೆ ವೇಗದ ನಕ್ಷೆಯಲ್ಲಿ ಬೇಕಾದ ಹರಿವಿಗೆ ಅಷ್ಟು ಹೆಡ್ ಸಿಗುತ್ತದೆಯೇ ಎಂದು ನೋಡಿಯೇ ನಿರ್ಧರಿಸಬೇಕು. ಮೋಟರ್ ಬದಿಗೆ ಚಿಕ್ಕ ಪುಲ್ಲಿ ಹಾಕಿ, ವಾಲ್ವ್ ಪೂರ್ತಿ ತೆರೆದು ಓಡಿಸಿದೆವು. ವೇಗ ಇಳಿದದ್ದರಿಂದಲೇ ಸವೆತ ಹೆಚ್ಚುಕಡಿಮೆ ಅರ್ಧಕ್ಕೆ ಬರಬೇಕೆಂಬುದು ಲೆಕ್ಕ. ಹಿಂದಿನ ಇಂಪೆಲ್ಲರ್ ತೂತು ಬಿದ್ದಷ್ಟೇ ಗಂಟೆಗಳ ಓಟದ ನಂತರ ಹೊಸದನ್ನು ಬಿಚ್ಚಿ ನೋಡಿದಾಗ ರೆಕ್ಕೆಯ ತುದಿಯಲ್ಲಿ ಅಲೆಯ ಗೆರೆಗಳು ಮಾತ್ರ ಇದ್ದವು, ಕಣ್ಣಿನ ಬಳಿ ಗುಳಿಗಳಿರಲಿಲ್ಲ. ವಿದ್ಯುತ್ ಖರ್ಚೂ ಗಣನೀಯವಾಗಿ ತಗ್ಗಿತು.

ಸ್ಲರಿ ಸಾಗುವ ದಾರಿಯಲ್ಲಿ ವಾಲ್ವ್ ಇರುವುದು ಪೂರ್ತಿ ತೆರೆಯಲು ಅಥವಾ ಪೂರ್ತಿ ಮುಚ್ಚಲು. ಹರಿವನ್ನು ಹಿಡಿತದಲ್ಲಿಡುವ ಕೆಲಸವನ್ನು ಪುಲ್ಲಿಗೋ ವೇಗ ಬದಲಿಸುವ ವಿಎಫ್‌ಡಿಗೋ ಬಿಡಬೇಕು.

ಸಕ್ಷನ್ ಬದಿ: ಎತ್ತರ, ಎಲೆ, ಗಾಳಿ

ಬಯಲುಸೀಮೆಯ ಅಥವಾ ಕರಾವಳಿಯ ಪಂಪ್‌ಗೆ ಸರಿಹೋದ ಸಕ್ಷನ್ ಜೋಡಣೆ ಇಲ್ಲಿ ಸರಿಹೋಗದಿರಲು ಒಂದು ಕಾರಣ ನಮ್ಮ ಎತ್ತರ. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ 10.3 ಮೀಟರ್ ನೀರಿನ ಕಂಬಕ್ಕೆ ಸಮ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಅದು 9 ಮೀಟರಿನಷ್ಟೇ. ಎತ್ತುವುದು 1.2 ಸಾಂದ್ರತೆಯ ಸ್ಲರಿಯಾದರೆ ಆ 9 ಮೀಟರ್ ಏಳೂವರೆ ಮೀಟರ್ ಸ್ಲರಿಗೆ ಮಾತ್ರ ಸಮ. ಸಕ್ಷನ್ ಕೊಳವೆಯ ಘರ್ಷಣೆ ಮತ್ತು ಪಂಪ್‌ಗೆ ಬೇಕಾದ ಕನಿಷ್ಠ ಒತ್ತಡ ಇದರಲ್ಲೇ ಕಳೆಯಬೇಕಾಗಿರುವುದರಿಂದ, ತಗ್ಗಿನ ಗುಂಡಿಯಿಂದ ಎಳೆಯುವ ಬದಲು ಪಂಪನ್ನು ಸಂಪಿನ ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸುವುದೇ ಇಲ್ಲಿ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಜಾಗದ ಇಳಿಜಾರು ಅದಕ್ಕೆ ಅನುಕೂಲವಾಗಿಯೇ ಇರುತ್ತದೆ.

ಎಳೆದೇ ತೀರಬೇಕಾದರೆ ಸಕ್ಷನ್ ಕೊಳವೆ ಪಂಪ್‌ನ ಬಾಯಿಗಿಂತ ದೊಡ್ಡದಿರಬೇಕು, ಆದಷ್ಟು ಗಿಡ್ಡವಿರಬೇಕು, ಬಾಯಿಗೆ ಅಂಟಿಕೊಂಡೇ ಬೆಂಡ್ ಇರಬಾರದು. ಕನಿಷ್ಠ ಕೊಳವೆಯ ವ್ಯಾಸದ ಐದರಷ್ಟು ನೇರ ಉದ್ದವಿರಬೇಕು. ಬೆಂಡ್ ಹತ್ತಿರವಿದ್ದರೆ ಮರಳು ಒಂದೇ ಬದಿಗೆ ಒತ್ತರಿಸಿಕೊಂಡು ಬಂದು ಕಣ್ಣು ಒಂದು ಕಡೆ ಮಾತ್ರ ಸವೆಯುತ್ತದೆ. ಕಿರಿದುಗೊಳಿಸುವ ರೆಡ್ಯೂಸರ್‌ನ ಚಪ್ಪಟೆ ಬದಿ ಮೇಲಕ್ಕಿರಬೇಕು, ಇಲ್ಲದಿದ್ದರೆ ಅಲ್ಲಿ ಗಾಳಿ ತಂಗುತ್ತದೆ. ಸಂಪಿನ ಮಟ್ಟ ಇಳಿದು ನೀರು ಸುಳಿ ಕಟ್ಟಿ ಗಾಳಿಯನ್ನು ಎಳೆದುಕೊಳ್ಳುವುದು ಗೊರಕೆಯಂಥ ಸದ್ದಿನಿಂದ ದೂರದಿಂದಲೇ ತಿಳಿಯುತ್ತದೆ. ಸಿಲ್ವರ್ ಓಕ್ ಎಲೆ ಉದುರುವ ಕಾಲದಲ್ಲಿ ಜಾಲರಿಗೆ ಅಂಟಿಕೊಂಡ ಎಲೆಯ ಹೊದಿಕೆಯೊಂದೇ ಒಂದು ಪಂಪನ್ನು ಕ್ಯಾವಿಟೇಷನ್‌ಗೆ ದೂಡಲು ಸಾಕು. ಆ ದಿನಗಳಲ್ಲಿ ಪ್ರತಿ ಪಾಳಿಗೂ ಜಾಲರಿ ತೆಗೆದು ತೊಳೆಯಬೇಕು.

ಗ್ಲ್ಯಾಂಡ್ ಮತ್ತು ಸ್ಲೀವ್

ಶಾಫ್ಟ್ ಸ್ಲೀವ್‌ನಲ್ಲಿ (ಶಾಫ್ಟ್‌ನ ಮೇಲಿನ ಕೊಳವೆಯಂಥ ಕವಚ) ಬಳೆಯಂಥ ಗಾಯಗಳಿದ್ದರೆ ಗ್ಲ್ಯಾಂಡ್‌ಗೆ (ಶಾಫ್ಟ್ ಸುತ್ತ ಸೋರಿಕೆ ತಡೆಯುವ ಪ್ಯಾಕಿಂಗ್ ಇರುವ ಜಾಗ) ಹೋಗುವ ನೀರಿನ ಒತ್ತಡ ಒಳಗಿನ ಒತ್ತಡಕ್ಕಿಂತ ಕನಿಷ್ಠ ಅರ್ಧ ಬಾರ್ ಹೆಚ್ಚಿದೆಯೇ ಎಂದು ನೋಡಬೇಕು. ಕಡಿಮೆಯಿದ್ದರೆ ಮರಳೇ ಪ್ಯಾಕಿಂಗ್‌ನೊಳಕ್ಕೆ ಬರುತ್ತದೆ. ಆ ನೀರು ಶುದ್ಧವಾಗಿರಬೇಕು. ಸೆಟ್ಲಿಂಗ್ ಟ್ಯಾಂಕ್‌ನ ಮೇಲ್ನೀರನ್ನೇ ಗ್ಲ್ಯಾಂಡ್‌ಗೆ ಕೊಡುವ ಕ್ರಮ ಅಲ್ಲಲ್ಲಿ ಇದೆ. ಕಣ್ಣಿಗೆ ತಿಳಿಯಾಗಿ ಕಂಡರೂ ಅದರಲ್ಲಿ ತೇಲುವ ನುಣ್ಣನೆಯ ಕಲ್ಲಿನ ಹುಡಿ ಸ್ಲೀವನ್ನು ಸಾಣೆ ಹಿಡಿದಂತೆ ತೆಳುಮಾಡುತ್ತದೆ. ಗ್ಲ್ಯಾಂಡ್‌ನಿಂದ ಹನಿ ತೊಟ್ಟಿಕ್ಕುತ್ತಿರಬೇಕು, ಪೂರ್ತಿ ಬಿಗಿದು ನಿಲ್ಲಿಸಬಾರದು.

ಲೋಹವೋ ರಬ್ಬರೋ

ಮೇಲಿನ ಎಲ್ಲವನ್ನೂ ಸರಿಪಡಿಸಿದ ಮೇಲಷ್ಟೇ ವಸ್ತುವಿನ ಪ್ರಶ್ನೆಗೆ ಬರಬೇಕು. ಸುಮಾರು ಶೇ. 27 ಕ್ರೋಮಿಯಂ ಇರುವ ಬಿಳಿ ಎರಕದ ಕಬ್ಬಿಣ ಚೂಪು ಮರಳಿಗೆ ಚೆನ್ನಾಗಿ ತಾಳುತ್ತದೆ, ಏಕೆಂದರೆ ಅದರೊಳಗಿನ ಕ್ರೋಮಿಯಂ ಕಾರ್ಬೈಡ್ ಹರಳುಗಳು ಕ್ವಾರ್ಟ್ಜ್‌ಗಿಂತ ಗಡಸು. ಆದರೆ ಅದು ಪೆಡಸು. ದೊಡ್ಡ ಕಲ್ಲು ನೇರ ಬಡಿದರೆ ಬಿರುಕು ಬಿಡುತ್ತದೆ. ಸವೆದ ಹೈಕ್ರೋಮ್ ಇಂಪೆಲ್ಲರ್‌ಗೆ ವೆಲ್ಡಿಂಗ್ ತುಂಬಿಸಿ ಮತ್ತೆ ಹಾಕುವುದನ್ನು ನಾನು ಒಪ್ಪುವುದಿಲ್ಲ: ವೆಲ್ಡಿಂಗ್‌ನ ಬಿಸಿಗೆ ಪಕ್ಕದ ಲೋಹ ಸೀಳುತ್ತದೆ, ತುಂಬಿಸಿದ ಉಬ್ಬಿನ ಹಿಂದೆ ಸುಳಿಯೆದ್ದು ಅಲ್ಲೇ ಹೊಸ ಗುಂಡಿ ಬೀಳುತ್ತದೆ, ತೂಕದ ಸಮತೋಲ ತಪ್ಪಿ ಬೇರಿಂಗ್ ಕೂಡ ಹೋಗುತ್ತದೆ.

ಸಣ್ಣ ಕಣಗಳಿಗೆ ನೈಸರ್ಗಿಕ ರಬ್ಬರ್ ಹಲವೊಮ್ಮೆ ಲೋಹಕ್ಕಿಂತ ಹೆಚ್ಚು ಬಾಳುತ್ತದೆ, ಕಣದ ಬಡಿತವನ್ನು ಅದು ಹಿಗ್ಗಿ ಕುಗ್ಗಿ ಸಹಿಸಿಕೊಳ್ಳುತ್ತದೆ. ಆದರೆ ರಬ್ಬರ್ ಹಾಕಿದರೆ ರೆಕ್ಕೆಯ ತುದಿಯ ವೇಗ ಸೆಕೆಂಡಿಗೆ 25 ಮೀಟರ್ ದಾಟಬಾರದು, ಎಣ್ಣೆ ಅಥವಾ ಡೀಸೆಲ್ ಬೆರೆಯಬಾರದು, ಜಲ್ಲಿಯ ಚೂರು, ಕಡ್ಡಿ, ತಂತಿ ಬರಬಾರದು. ಸ್ಕ್ರೀನ್‌ನ ಮೇಲೆ ನಂಬಿಕೆಯಿಲ್ಲದ ಘಟಕಕ್ಕೆ ರಬ್ಬರ್ ಲೈನರ್ ಸೂಚಿಸಲು ನನಗೆ ಧೈರ್ಯವಿಲ್ಲ, ಏಕೆಂದರೆ ಅದು ನಿಧಾನವಾಗಿ ಸವೆಯುವುದಿಲ್ಲ, ಒಂದೇ ಚೂರಿಗೆ ಸೀಳಿ ಕಿತ್ತುಬರುತ್ತದೆ.

ಪಲ್ಪರ್ ಮನೆಯ ನೀರು

ಕಾಫಿ ಹಣ್ಣು ಸುಲಿದ ನೀರಿನಲ್ಲಿ ಕಲ್ಲಿನ ಪುಡಿ ಕಡಿಮೆ, ಹಣ್ಣಿನೊಡನೆ ಬಂದ ಮಣ್ಣುಮರಳು ಮತ್ತು ಸಿಪ್ಪೆ ಹೆಚ್ಚು. ಆದರೆ ಆ ನೀರು ತೊಟ್ಟಿಯಲ್ಲಿ ನಿಂತು ಹುಳಿಯೇರಿದರೆ ಅದರ ಪಿಎಚ್ 4ರ ಸುಮಾರಿಗೆ ಇಳಿಯುತ್ತದೆ. ಸಾಧಾರಣ ಎರಕದ ಕಬ್ಬಿಣದ ಮೇಲೆ ತುಕ್ಕಿನ ಪದರ ಮೂಡುವುದು, ಮರಳು ಅದನ್ನು ಕೆರೆದು ಹೊಸ ಲೋಹವನ್ನು ಆಮ್ಲಕ್ಕೆ ಒಡ್ಡುವುದು ಹೀಗೆ ಎರಡೂ ಸೇರಿದಾಗ ಆಗುವ ನಷ್ಟ, ಎರಡನ್ನೂ ಬೇರೆಬೇರೆಯಾಗಿ ಕೂಡಿದ್ದಕ್ಕಿಂತ ಹೆಚ್ಚು. ಸೀಸನ್ ಮುಗಿದ ಮೇಲೆ ಪಂಪ್‌ನಲ್ಲಿ ಆ ನೀರನ್ನು ಹಾಗೇ ಬಿಟ್ಟು ಮುಂದಿನ ನವೆಂಬರ್‌ನಲ್ಲಿ ತೆಗೆದರೆ ಕಾಣುವ ಹಾನಿಗೆ ಮರಳು ಕಾರಣವೇ ಅಲ್ಲ. ತೊಟ್ಟಿಗೆ ಸುಣ್ಣ ಹಾಕಿ ಹುಳಿ ತಗ್ಗಿಸಬೇಕು, ಸುಣ್ಣದ ಗಸಿ ತಳಕ್ಕೆ ಇಳಿದ ಮೇಲೆ ಮೇಲಿನ ನೀರನ್ನು ಎತ್ತಬೇಕು, ಕೊನೆಯ ದಿನ ತಿಳಿನೀರಿನಿಂದ ಪಂಪನ್ನು ತೊಳೆದು ಡ್ರೈನ್ ಪ್ಲಗ್ ತೆಗೆದಿಡಬೇಕು.

ಕರೆಂಟ್ ಹೋಗಿ ಬಂದಾಗ

ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಮರ ಬಿದ್ದು ಲೈನ್ ಹೋಗುವುದು ನಮಗೆ ಹೊಸದಲ್ಲ. ಕರೆಂಟ್ ನಿಂತ ಕ್ಷಣ ಡೆಲಿವರಿ ಕೊಳವೆಯ ಮರಳೆಲ್ಲ ಕೆಳಕ್ಕಿಳಿದು ಕೇಸಿಂಗ್‌ನಲ್ಲಿ ಗಟ್ಟಿಯಾಗಿ ಕೂರುತ್ತದೆ. ಪಂಪ್‌ಗಿಂತ ಎತ್ತರದಲ್ಲಿ ಒಂದು ತಿಳಿನೀರಿನ ಟ್ಯಾಂಕ್ ಇಟ್ಟು, ಕರೆಂಟ್ ಇಲ್ಲದೆಯೂ ಕೇಸಿಂಗ್ ತೊಳೆದು ತಳದ ಡ್ರೈನ್‌ನಿಂದ ಮರಳು ಹೊರಬಿಡುವಂತೆ ಕೊಳವೆ ಜೋಡಿಸಿಕೊಂಡರೆ ಮತ್ತೆ ಆರಂಭಿಸುವಾಗ ಶಾಫ್ಟ್ ಮತ್ತು ಬೆಲ್ಟ್ ಎರಡೂ ಉಳಿಯುತ್ತವೆ.

ಲೈನ್ ಕೆಲಸದ ನಂತರ ಫೇಸ್‌ಗಳು ಅದಲುಬದಲಾಗಿ ಮೋಟರ್ ಉಲ್ಟಾ ತಿರುಗುವ ಸಾಧ್ಯತೆಯನ್ನೂ ಮರೆಯಬಾರದು. ಹೆಚ್ಚಿನ ಸ್ಲರಿ ಪಂಪ್‌ಗಳ ಇಂಪೆಲ್ಲರ್ ಶಾಫ್ಟ್‌ಗೆ ಮರೆಯಿಂದ, ಅಂದರೆ ಥ್ರೆಡ್‌ನಿಂದ, ಬಿಗಿದಿರುತ್ತದೆ. ಉಲ್ಟಾ ತಿರುಗಿದರೆ ಅದು ಕಳಚಿ ಮುಂದಕ್ಕೆ ಬಂದು ಥ್ರೋಟ್ ಬುಷ್‌ಗೆ ಬಡಿದು ಎರಡೂ ಒಡೆಯುತ್ತವೆ. ಇಂಥ ಒಡೆತವನ್ನು ಕಲ್ಲು ಸಿಕ್ಕಿ ಒಡೆದದ್ದೆಂದು ತಪ್ಪಾಗಿ ದಾಖಲಿಸಿದ್ದನ್ನು ನಾನು ಕಂಡಿದ್ದೇನೆ. ಥ್ರೆಡ್‌ನ ಗೀರುಗಳನ್ನು ನೋಡಿದರೆ ನಿಜ ತಿಳಿಯುತ್ತದೆ. ಲೈನ್ ದುರಸ್ತಿಯಾದ ಪ್ರತಿ ಸಲವೂ ಬೆಲ್ಟ್ ಕಳಚಿ, ಮೋಟರನ್ನು ಒಂದು ಕ್ಷಣ ತಿರುಗಿಸಿ, ಕೇಸಿಂಗ್ ಮೇಲಿನ ಬಾಣದ ಗುರುತಿಗೆ ದಿಕ್ಕು ಹೊಂದುತ್ತದೆಯೇ ಎಂದು ನೋಡಿದ ಮೇಲೆಯೇ ಬೆಲ್ಟ್ ಹಾಕಬೇಕು.

ಪಂಪ್ ತೆರೆದಿರುವಾಗಲೇ ಡೆಲಿವರಿ ಕೊಳವೆಯನ್ನೂ ಒಮ್ಮೆ ಸುತ್ತಿಗೆಯಿಂದ ತಟ್ಟಿ ನೋಡುವುದು ಒಳ್ಳೆಯದು. ಅಡ್ಡ ಮಲಗಿದ ಕೊಳವೆ ತಳದಲ್ಲೇ ಹೆಚ್ಚು ಸವೆಯುತ್ತದೆ, ಬೆಂಡ್ ಹೊರಬಾಗಿನಲ್ಲಿ. ಫ್ಲೇಂಜ್ ಮೇಲೆ ಬಣ್ಣದ ಗುರುತು ಹಾಕಿ, ಪ್ರತಿ ಸಲ ಲೈನರ್ ಬದಲಿಸುವಾಗ ಅಡ್ಡ ಕೊಳವೆಗಳನ್ನು ಸುತ್ತಿನ ಮೂರನೇ ಒಂದು ಭಾಗ ತಿರುಗಿಸಿ ಮತ್ತೆ ಬಿಗಿದರೆ ಅದೇ ಕೊಳವೆ ಮೂರು ತಳಗಳ ಆಯುಷ್ಯ ಕೊಡುತ್ತದೆ.